ರಿಯಾಯಿತಿ ಅವರಿಗೆ, ನೂಕುನುಗ್ಗಲು ನಮಗೆ!



ಉಲ್ಹಾಸನಗರದ ಸರಕಿಗೆ ‘ಯು.ಎಸ್.ಎ.’ ಮುದ್ರೆಯೆಂದು ನಗೆಯಾಡುವವರಿದ್ದಾರೆ. ನಗಲಿ. ದೇಶ ಒಡೆದು ಬಂದ ಸಿಂಧಿ ನಿರಾಶ್ರಿತರು ಸೈನ್ಯದ ಹಳೆಯ ಬರಾಕುಗಳಲ್ಲಿ ಬೀಡುಬಿಟ್ಟು, 1949ರಲ್ಲಿ ಹೆಸರು ಪಡೆದ ಈ ಊರನ್ನು ದುಡಿಮೆಯ ಊರಾಗಿ ಮಾಡಿದರು. ಹೊಟ್ಟೆಪಾಡಿಗಾಗಿ ಬಂದ ನಮ್ಮವರೂ ಇಲ್ಲಿಯ ಹೋಟೆಲು, ಕಾರಖಾನೆಗಳಲ್ಲಿ ಬೆವರು ಸುರಿಸಿದರು. ಇಂದು ಈ ಸುತ್ತಿನ ಕಾರಖಾನೆಗಳ ನೆಲದ ಮೇಲೆ ಬಿಲ್ಡರರ ಕಣ್ಣು ಬಿದ್ದಿದೆ. ಕಾರಣ ಎರಡು: ತೆರಿಗೆ ಮತ್ತು ರೈಲು.

ಮಹಾರಾಷ್ಟ್ರ ಸರಕಾರ 1964ರಿಂದ ಉದ್ಯಮಗಳಿಗೆ ರಿಯಾಯಿತಿ ಯೋಜನೆ ನಡೆಸುತ್ತ ಬಂದಿದೆ. ಮುಂಬಯಿ–ಠಾಣೆ ಪಟ್ಟಿಯನ್ನು ಬಿಟ್ಟು ಹಿಂದುಳಿದ ತಾಲೂಕುಗಳಿಗೆ ಹೋದವರಿಗೆ ಸವಲತ್ತು ಹೆಚ್ಚು. ಆ ತಾಲೂಕುಗಳು ಏಳಿಗೆಯಾಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಇಲ್ಲಿಯೇ ಉಳಿದ ಸಣ್ಣ ಕಾರಖಾನೆಯ ಗತಿಯೇನು? ಹಿಂದೆ ಜಕಾತಿಯಿತ್ತು, ಸರಕು ಬಂದಷ್ಟೂ ನಗರದ ಬೊಕ್ಕಸ ತುಂಬುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದು ಅಂಥ ತೆರಿಗೆಗಳು ಹೋದವು. ಈಗ ಪಾಲಿಕೆ ನೆಚ್ಚಬೇಕಾದದ್ದು ಸರಕಾರದ ಅನುದಾನ, ಆಸ್ತಿ ತೆರಿಗೆ, ಕಟ್ಟಡ ಪರವಾನಿಗೆಯ ಶುಲ್ಕ. ಅಂದ ಮೇಲೆ ಲೇಥಿನ ಶೆಡ್ಡಿಗಿಂತ ಇಪ್ಪತ್ತು ಮಾಳಿಗೆಯ ಕಟ್ಟಡವೇ ಅದಕ್ಕೆ ಚೆಂದ ಕಾಣದಿದ್ದೀತೆ?

ಇನ್ನು ರೈಲು. ಠಾಣೆ–ಭಿವಂಡಿ–ಕಲ್ಯಾಣ ಮೆಟ್ರೋಗೆ 2018ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಮೆಟ್ರೋ ಬೇಡವೆನ್ನುವವನು ಬೆಳಗಿನ ಎಂಟರ ಲೋಕಲನ್ನು ವಿಠ್ಠಲವಾಡಿಯಲ್ಲಿ ಹತ್ತಿ ನೋಡಲಿ! ಮೆಟ್ರೋ ಬೇಕೇ ಬೇಕು. ಆದರೆ ಜನರ ಹಣದಿಂದ ಹಳಿ ಬಂದೊಡನೆ ಪಕ್ಕದ ನೆಲಕ್ಕೆ ಬೆಲೆ ಏರುತ್ತದೆ. ಆ ಲಾಭ ನೆಲದ ಒಡೆಯನ ಜೇಬಿಗೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಕೆಲಸ ಕಳೆದುಕೊಂಡವನು ಮಾತ್ರ ಅದೇ ರೈಲಿನಲ್ಲಿ ಜೋತಾಡುತ್ತ ದೂರದ ಕೂಲಿಗೆ ಹೋಗಬೇಕು.

ಈ ಆಟ ಹೊಸದಲ್ಲ. ನಮ್ಮವರು ದುಡಿದ ಮುಂಬಯಿ ಗಿರಣಿಗಳ ನೆಲದಲ್ಲಿ ನಗರಕ್ಕೊಂದು, ಬಡವರ ವಸತಿಗೊಂದು, ಮಾಲಿಕನಿಗೊಂದು ಪಾಲೆಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿ ಆ ಹಂಚಿಕೆಯನ್ನು ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ನಮ್ಮ ನೆರೆಯ ಮೋಹನೆಯಲ್ಲಿ ಎನ್‌ಆರ್‌ಸಿ ಕಾರಖಾನೆ 2009ರಲ್ಲಿ ಮುಚ್ಚಿದಾಗ ಕಾರ್ಮಿಕರು ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಹೋರಾಡಿದರು.

‘ಕಾರಖಾನೆಗಳಿಂದಲೇ ವಾಲಧುನಿ ನದಿ ಕೆಟ್ಟಿತು, ಹೋದರೆ ಒಳ್ಳೆಯದು’ ಎನ್ನುವವರುಂಟು. ಕೆಟ್ಟದ್ದು ನಿಜ. ನೆಗಡಿ ಬಂತೆಂದು ಮೂಗು ಕೊಯ್ಯುವುದೇ? ಕೊಳೆನೀರು ಶುದ್ಧೀಕರಿಸುವ ಸಾಮೂಹಿಕ ಘಟಕ ಕಟ್ಟಿ, ತಪ್ಪಿದವರನ್ನು ದಂಡಿಸಿ.

ನಾವು ಭಿಕ್ಷೆ ಕೇಳುತ್ತಿಲ್ಲ. ಕಾರಖಾನೆಯ ನೆಲಕ್ಕೆ ಹೆಚ್ಚುವರಿ ಎಫ್‌ಎಸ್‌ಐ ಅಥವಾ ತೆರಿಗೆ ರಿಯಾಯಿತಿ ಕೊಡುವ ಮೊದಲು ಕಾರ್ಮಿಕರ ಬಾಕಿ ತೀರಲಿ. ಆ ನೆಲದಲ್ಲಿ ಒಂದು ಪಾಲು ಸಣ್ಣ ಕಾರಖಾನೆಗಳಿಗೆ ಬಾಡಿಗೆಗೆ ಮೀಸಲಾಗಲಿ. ಒಪ್ಪಿದಷ್ಟು ಕೆಲಸ ಕೊಡದಿದ್ದರೆ ರಿಯಾಯಿತಿ ವಾಪಸಾಗಲಿ.

ಬಾಂಧವರೇ, ನಗರದ ಕರಡು ವಿಕಾಸ ಯೋಜನೆಗೆ ಆಕ್ಷೇಪ ಸಲ್ಲಿಸುವ ಹಕ್ಕನ್ನು 1966ರ ನಗರ ಯೋಜನಾ ಕಾಯಿದೆ ನಮಗೆ ಕೊಟ್ಟಿದೆ. ರಾಜ್ಯೋತ್ಸವಕ್ಕೆ ಸೇರುವ ನಾವು ಒಂದು ಅರ್ಜಿಗೆ ಸಹಿ ಹಾಕಲು ಸೇರಲಾರೆವೆ? ಊರು ಬಿಟ್ಟು ಬಂದವರು ನಾವು. ಬಂದ ಊರಿನಿಂದಲೂ ಎಬ್ಬಿಸಿಕೊಂಡರೆ ಹೋಗುವುದೆಲ್ಲಿಗೆ?