ಎಂಎಲ್‌ಎ, ಎಂಪಿ ಚುನಾವಣೆ ಒಂದೇ ದಿನ ನಡೆದರೆ ವೋಟು ಒಂದಾ, ಎರಡಾ? ಕುಕನೂರಿನ ಮತದಾರರು ತಿಳಿದಿರಬೇಕಾದ ವಿಷಯ

ಚುನಾವಣೆ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಹಳೆಯ ಸಂದೇಶ ಮತ್ತೆ ಓಡಾಡುತ್ತದೆ. ‘ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೂ ಚಿಂತೆ ಬೇಡ, ಆಧಾರ್ ತೋರಿಸಿ ಚಾಲೆಂಜ್ ವೋಟ್ ಹಾಕಿ. ನಿಮ್ಮ ವೋಟು ಬೇರೆಯವರು ಹಾಕಿದ್ದರೆ ಟೆಂಡರ್ ವೋಟ್ ಕೇಳಿ. ಶೇ 14ಕ್ಕಿಂತ ಹೆಚ್ಚು ಟೆಂಡರ್ ವೋಟ್ ಬಿದ್ದರೆ ಆ ಮತಗಟ್ಟೆಯಲ್ಲಿ ಮರು ಮತದಾನ’ ಎಂಬುದು ಅದರ ಸಾರಾಂಶ. ಇದರ ಜೊತೆಗೆ ‘ಒಂದು ದೇಶ ಒಂದು ಚುನಾವಣೆ’ ಬಗ್ಗೆಯೂ ಚರ್ಚೆ ನಡೆದಿದೆ. ಎರಡೂ ಚುನಾವಣೆ ಒಂದೇ ದಿನ ಬಂದರೆ ಒಂದೇ ವೋಟು ಹಾಕಬೇಕಾ ಎಂಬ ಅನುಮಾನ ಹಲವರಿಗಿದೆ.

ಈ ಎರಡೂ ವಿಷಯಗಳಿಗೆ ನೇರ ಸಂಬಂಧವಿದೆ. ಅದನ್ನು ಕೊಪ್ಪಳ ಜಿಲ್ಲೆಯ ಕುಕನೂರಿನ ಉದಾಹರಣೆಯೊಂದಿಗೆ ನೋಡೋಣ.

ಕುಕನೂರಿನವರು ಯಾರನ್ನು ಆರಿಸುತ್ತಾರೆ?

ಕುಕನೂರು ಈಗ ತಾಲ್ಲೂಕು ಕೇಂದ್ರ. 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಕೊಪ್ಪಳ ಜಿಲ್ಲೆಗೆ ಸಿಕ್ಕಿದ್ದು ಕುಕನೂರು, ಕನಕಗಿರಿ ಮತ್ತು ಕಾರಟಗಿ. ಆದರೆ ತಾಲ್ಲೂಕು ಬೇರೆಯಾದರೂ ಕುಕನೂರಿಗೆ ಪ್ರತ್ಯೇಕ ಎಂಎಲ್‌ಎ ಇಲ್ಲ. ಇಲ್ಲಿಯ ಮತದಾರರು ಯಲಬುರ್ಗಾ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತಾರೆ. ತಾಲ್ಲೂಕನ್ನು ರಾಜ್ಯ ಸರ್ಕಾರ ಮಾಡುತ್ತದೆ. ಕ್ಷೇತ್ರದ ಗಡಿ ನಿರ್ಧರಿಸುವುದು ಕ್ಷೇತ್ರ ಪುನರ್ವಿಂಗಡಣೆ ಆಯೋಗ. ಈಗಿರುವ ಗಡಿಗಳು 2008ರಿಂದ ಜಾರಿಯಲ್ಲಿವೆ.

ಯಲಬುರ್ಗಾ ಸೇರಿದಂತೆ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ಕೊಪ್ಪಳ ಲೋಕಸಭಾ ಕ್ಷೇತ್ರವಾಗಿದೆ. ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ ಜೊತೆಗೆ ರಾಯಚೂರು ಜಿಲ್ಲೆಯ ಸಿಂಧನೂರು ಮತ್ತು ಮಸ್ಕಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಉಳಿದವು. ಹಾಗಾಗಿ ಕುಕನೂರಿನ ಒಬ್ಬ ಮತದಾರ 2023ರ ಮೇ 10ರಂದು ಎಂಎಲ್‌ಎಗಾಗಿ, 2024ರ ಮೇ 7ರಂದು ಎಂಪಿಗಾಗಿ ಮತ ಹಾಕಿದರು. ಒಂದು ವರ್ಷದ ಒಳಗೆ ಎರಡು ಸಲ ಬೆರಳಿಗೆ ಶಾಯಿ ಬಿತ್ತು.

ಒಟ್ಟಿಗೆ ಚುನಾವಣೆ ನಮಗೆ ಹೊಸದಲ್ಲ

1952ರ ಮೊದಲ ಮಹಾಚುನಾವಣೆಯಲ್ಲಿ ದೇಶದೆಲ್ಲೆಡೆ ಲೋಕಸಭೆ ಮತ್ತು ವಿಧಾನಸಭೆಗೆ ಒಟ್ಟಿಗೇ ಮತದಾನ ನಡೆಯಿತು. ಆಗ ಕುಕನೂರು ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು, ಇಲ್ಲಿಯವರು ಶಾಸಕರನ್ನು ಕಳಿಸಿದ್ದು ಹೈದರಾಬಾದ್ ವಿಧಾನಸಭೆಗೆ. 1957, 1962, 1967ರಲ್ಲೂ ಇದೇ ಕ್ರಮ ಇತ್ತು. 1971ರಲ್ಲಿ ಲೋಕಸಭೆಗೆ ಅವಧಿಗೆ ಮೊದಲೇ ಚುನಾವಣೆ ಬಂತು, ನಮ್ಮ ವಿಧಾನಸಭೆಗೆ ನಡೆದದ್ದು 1972ರಲ್ಲಿ. ಅಲ್ಲಿಗೆ ಜೋಡಿ ತಪ್ಪಿತು. ಮುಂದೆ 1989, 1999 ಮತ್ತು 2004ರಲ್ಲಿ ಕರ್ನಾಟಕದಲ್ಲಿ ಎರಡೂ ಚುನಾವಣೆಗಳು ಮತ್ತೆ ಜೊತೆಯಾಗಿ ನಡೆದವು.

ಒಟ್ಟಿಗೆ ನಡೆದರೂ ಮತ ಎರಡೇ. ಎರಡು ಮತಯಂತ್ರ ಇರುತ್ತವೆ. ಲೋಕಸಭೆಯ ಮತಪತ್ರದ ಬಣ್ಣ ಬಿಳಿ, ವಿಧಾನಸಭೆಯದು ಗುಲಾಬಿ. ಒಂದರಲ್ಲಿ ಒಂದು ಪಕ್ಷಕ್ಕೆ, ಇನ್ನೊಂದರಲ್ಲಿ ಬೇರೆ ಪಕ್ಷಕ್ಕೆ ಮತ ಹಾಕಬಹುದು. ಒಂದರಲ್ಲಿ ಅಭ್ಯರ್ಥಿಗೆ, ಇನ್ನೊಂದರಲ್ಲಿ ನೋಟಾಕ್ಕೂ ಒತ್ತಬಹುದು. ಒಂದು ಬಟನ್ ಒತ್ತಿದರೆ ಎರಡಕ್ಕೂ ಹೋಗುತ್ತದೆ ಎಂಬುದು ಸುಳ್ಳು.

ಜನ ಎರಡನ್ನೂ ಬೇರೆ ಮಾಡಿ ನೋಡುತ್ತಾರಾ?

ಒಟ್ಟಿಗೆ ಚುನಾವಣೆ ನಡೆದರೆ ದೇಶದ ಅಲೆಯಲ್ಲಿ ರಾಜ್ಯದ ವಿಷಯಗಳು ಕೊಚ್ಚಿ ಹೋಗುತ್ತವೆ ಎಂಬುದು ವಿರೋಧಿಸುವವರ ವಾದ. ಖರ್ಚು, ಸಿಬ್ಬಂದಿ, ಪದೇ ಪದೇ ಬರುವ ನೀತಿ ಸಂಹಿತೆ ಉಳಿಯುತ್ತದೆ ಎಂಬುದು ಬೆಂಬಲಿಸುವವರ ವಾದ. ಕರ್ನಾಟಕದ ಅನುಭವ ಇವೆರಡರ ನಡುವೆ ಇದೆ.

1984ರ ಡಿಸೆಂಬರ್‌ನಲ್ಲಿ ಲೋಕಸಭೆಯ 28ರಲ್ಲಿ 24 ಸ್ಥಾನ ಕಾಂಗ್ರೆಸ್‌ಗೆ ಹೋದವು. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಅದೇ ಮತದಾರರು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನ ಕೊಟ್ಟರು. 2023ರಲ್ಲಿ ವಿಧಾನಸಭೆಯಲ್ಲಿ ಕಾಂಗ್ರೆಸ್ 135 ಗೆದ್ದರೆ, 2024ರ ಲೋಕಸಭೆಯಲ್ಲಿ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9 ಗೆದ್ದವು.

ಇವು ಬೇರೆ ಬೇರೆ ದಿನದ ಚುನಾವಣೆಗಳು. ಒಟ್ಟಿಗೆ ನಡೆದ 2004ರಲ್ಲಿ ಏನಾಯಿತು? ಲೋಕಸಭೆಯಲ್ಲಿ ಬಿಜೆಪಿ 28ರಲ್ಲಿ 18 ಗೆದ್ದಿತು. ವಿಧಾನಸಭೆಯಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58 ಪಡೆದು ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ ಲೋಕಸಭೆಯಲ್ಲಿ ಶೇ 35ರ ಆಸುಪಾಸು ಮತ ಬಿದ್ದರೆ, ವಿಧಾನಸಭೆಯಲ್ಲಿ ಬಿದ್ದದ್ದು ಶೇ 28ರಷ್ಟು. ಅಂದರೆ ಒಂದೇ ಮತಗಟ್ಟೆಯಲ್ಲಿ, ಒಂದೇ ಗಳಿಗೆಯಲ್ಲಿ ಎರಡು ತರಹ ಯೋಚಿಸಿದವರು ಕಡಿಮೆ ಇರಲಿಲ್ಲ. ಹಾಗೆಂದು ಎಲ್ಲರೂ ಹೀಗೆ ಮಾಡುತ್ತಾರೆ ಎಂದೂ ಹೇಳಲಾಗದು. 1999ರಲ್ಲಿ ಎರಡೂ ಕಡೆ ಕಾಂಗ್ರೆಸ್ಸೇ ಮುಂದಿತ್ತು, ಲೋಕಸಭೆಯಲ್ಲಿ 18, ವಿಧಾನಸಭೆಯಲ್ಲಿ 132.

ಕಾನೂನು ಎಲ್ಲಿಗೆ ಬಂದಿದೆ?

ಮಾಜಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಸಮಿತಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಡಿಸೆಂಬರ್ 17ರಂದು ಸಂವಿಧಾನದ 129ನೇ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಗಿ, ನಂತರ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಮಸೂದೆ ಮಂಡನೆಯಾದ ಮಾತ್ರಕ್ಕೆ ಕಾನೂನಾಗುವುದಿಲ್ಲ. ಸಂವಿಧಾನ ತಿದ್ದುಪಡಿಗೆ ಎರಡೂ ಸದನಗಳಲ್ಲಿ ಹಾಜರಿದ್ದು ಮತ ಹಾಕುವವರ ಮೂರನೇ ಎರಡರಷ್ಟು ಬೆಂಬಲ ಬೇಕು, ಅದು ಸದನದ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚೂ ಇರಬೇಕು. ವಿಧಾನಸಭೆ ಅವಧಿಗೆ ಮೊದಲೇ ವಿಸರ್ಜನೆಯಾದರೆ ಹೊಸ ಸಭೆ ಉಳಿದ ಅವಧಿಗೆ ಮಾತ್ರ ಇರಬೇಕು ಎಂಬುದು ಈ ಮಸೂದೆಯ ಮುಖ್ಯ ಅಂಶ.

ಹಾಗಾದರೆ ಫಾರ್ವರ್ಡ್ ಮಾಡುವ ಹಾನಿ ಏನು?

ಲೋಕಸಭೆಗೆ ಪ್ರತ್ಯೇಕ ಮತದಾರರ ಪಟ್ಟಿ ಇಲ್ಲ. ವಿಧಾನಸಭಾ ಕ್ಷೇತ್ರಗಳ ಪಟ್ಟಿಗಳೇ ಸೇರಿ ಲೋಕಸಭೆಯ ಪಟ್ಟಿಯಾಗುತ್ತವೆ. ಯಲಬುರ್ಗಾ ಕ್ಷೇತ್ರದ ಪಟ್ಟಿಯಲ್ಲಿ ನಿಮ್ಮ ಹೆಸರು ಇದ್ದರೆ ಎರಡೂ ವೋಟು ಇದೆ, ಇಲ್ಲದಿದ್ದರೆ ಎರಡೂ ಇಲ್ಲ. ಚುನಾವಣೆ ಬೇರೆ ಬೇರೆ ಬಂದಾಗ ಒಂದರಲ್ಲಿ ಹೆಸರು ತಪ್ಪಿದರೆ ಮುಂದಿನದರೊಳಗೆ ಸರಿ ಮಾಡಿಸಿಕೊಳ್ಳಬಹುದು. ಒಂದೇ ದಿನ ಬಂದರೆ ಆ ಅವಕಾಶವೂ ಹೋಗುತ್ತದೆ.

ಕುಕನೂರು, ಯಲಬುರ್ಗಾ ಭಾಗದಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ದುಡಿಯಲು ಹೋಗುವವರು ಬಹಳ. ಆಧಾರ್ ಇದ್ದರೆ ಸಾಕು ಎಂದು ನಂಬಿ, ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಊರಿಗೆ ಬಂದವರು ಮತಗಟ್ಟೆಯಿಂದ ಸುಮ್ಮನೆ ವಾಪಸ್ ಹೋಗಬೇಕಾಗುತ್ತದೆ. ಆಧಾರ್ ನೀವು ಯಾರೆಂದು ತೋರಿಸುವ ದಾಖಲೆ ಮಾತ್ರ, ಮತ ಹಾಕುವ ಹಕ್ಕು ಬರುವುದು ಪಟ್ಟಿಯಲ್ಲಿ ಹೆಸರು ಇದ್ದಾಗ. ಹೆಸರು ಇದ್ದು ವೋಟರ್ ಕಾರ್ಡ್ ಇಲ್ಲದಿದ್ದರೆ ಆಧಾರ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ನಡೆಯುತ್ತವೆ.

‘ಚಾಲೆಂಜ್’ ಎಂಬುದು ಮತದಾರರು ಕೇಳಿ ಪಡೆಯುವ ವೋಟೇ ಅಲ್ಲ. ಬಂದವರು ನಿಜವಾದ ಮತದಾರರಲ್ಲ ಎಂದು ಅನುಮಾನ ಬಂದರೆ ಪಕ್ಷದ ಏಜೆಂಟ್ 2 ರೂಪಾಯಿ ಕಟ್ಟಿ ಆಕ್ಷೇಪಿಸುವುದು ಅದು. ಮತಗಟ್ಟೆ ಅಧ್ಯಕ್ಷಾಧಿಕಾರಿ ವಿಚಾರಿಸಿ ತೀರ್ಮಾನಿಸುತ್ತಾರೆ. ಟೆಂಡರ್ ವೋಟ್ ನಿಜ. ನಿಮ್ಮ ಹೆಸರಿನಲ್ಲಿ ಯಾರಾದರೂ ಮೊದಲೇ ಮತ ಹಾಕಿದ್ದರೆ ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ, ಅದನ್ನು ಲಕೋಟೆಯಲ್ಲಿ ಪ್ರತ್ಯೇಕವಾಗಿ ಇಡುತ್ತಾರೆ. ಸಾಮಾನ್ಯ ಎಣಿಕೆಯಲ್ಲಿ ಅದು ಸೇರುವುದಿಲ್ಲ. ಶೇ 14ರ ಲೆಕ್ಕ ಯಾವ ನಿಯಮದಲ್ಲೂ ಇಲ್ಲ.

ಒಂದು ವೋಟಿನಿಂದ ಏನಾಗುತ್ತದೆ ಎನ್ನುವವರಿಗೆ 2004ರದೇ ಉದಾಹರಣೆ ಇದೆ. ಅಂದು ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಗೆಲುವಿನ ಅಂತರ ಒಂದೇ ಮತ.

ಈಗಲೇ ಮಾಡಬೇಕಾದದ್ದು

ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಪಟ್ಟಿಗೆ ಹೆಸರು ಸೇರಿಸಲು ಬರುವುದಿಲ್ಲ. ಅರ್ಜಿ ಪರಿಶೀಲನೆಗೂ ದಿನ ಹಿಡಿಯುತ್ತದೆ. ಹಾಗಾಗಿ ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಹೆಸರು ನೋಡಿ, ಇಲ್ಲವೇ 1950ಕ್ಕೆ ಕರೆ ಮಾಡಿ, ಅಥವಾ ನಿಮ್ಮ ಬಿಎಲ್‌ಒ ಅವರನ್ನು ಕೇಳಿ. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿ ಅಥವಾ ವಿಳಾಸ ಬದಲಾವಣೆಗೆ ನಮೂನೆ 8.

ದುಡಿಯಲು ಹೊರಗೆ ಹೋದವರು ಇನ್ನೊಂದು ವಿಷಯ ನೆನಪಿಡಿ. ತಾತ್ಕಾಲಿಕವಾಗಿ ಊರು ಬಿಟ್ಟಿದ್ದೀರಿ ಎಂಬ ಒಂದೇ ಕಾರಣಕ್ಕೆ ನೀವು ಆ ಊರಿನ ನಿವಾಸಿ ಅಲ್ಲ ಎಂದಾಗುವುದಿಲ್ಲ, ಇದು 1950ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಇದೆ. ಆದರೆ ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಮತದಾನದ ದಿನ ದಿನಗೂಲಿ ಕಾರ್ಮಿಕರಿಗೂ ಸಂಬಳ ಸಹಿತ ರಜೆ ಕೊಡಬೇಕೆಂದು 1951ರ ಕಾಯ್ದೆ ಹೇಳುತ್ತದೆ.

ಚಾಲೆಂಜ್ ವೋಟಿನ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಮಂಗಳೂರಿನಲ್ಲಿರುವ ತಮ್ಮನಿಗೋ, ಬೆಂಗಳೂರಿನಲ್ಲಿರುವ ಮಗಳಿಗೋ ಒಂದು ಫೋನ್ ಮಾಡಿ, ‘ಪಟ್ಟಿಯಲ್ಲಿ ನಿನ್ನ ಹೆಸರು ಐತೇನು, ನೋಡು’ ಎಂದು ಹೇಳಿ.