ಆರ್.ಸಿ. ಪುಸ್ತಕದಲ್ಲಿ ಅಪ್ಪನ ಹೆಸರು

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಬಿ.ಕಾಂ. ಎರಡನೇ ವರ್ಷ. ಐದು ತಿಂಗಳ ಹಿಂದೆ ಅವನ ತಂದೆ ತೀರಿಕೊಂಡರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ತಂದೆಯ ಕಾರಿನ ಕಾಗದಪತ್ರಗಳಿದ್ದವು. ಕಾರನ್ನು ಅಮ್ಮನ ಹೆಸರಿಗೆ ಮಾಡಿಸಬೇಕು. ಯಾರೋ ಏಜೆಂಟರು ಎರಡು ಫಾರಂ ಕೊಟ್ಟು, "ಮಾರುವವರ ಜಾಗದಲ್ಲಿ ಅಪ್ಪನ ಸಹಿ ನೀನೇ ಹಾಕಿಬಿಡು, ಆರು ತಿಂಗಳ ಹಿಂದಿನ ತಾರೀಖು ಬರಿ, ಉಳಿದದ್ದು ನನಗೆ ಬಿಡು" ಎಂದಿದ್ದರಂತೆ.

"ಅಪ್ಪನ ಸಹಿ ನನಗೆ ಚೆನ್ನಾಗಿ ಬರುತ್ತೆ ಸಾರ್" ಎಂದು ಹುಡುಗ ತಲೆ ತಗ್ಗಿಸಿದ.

ನನಗೇನು ಗೊತ್ತಿಲ್ಲವೇ! ಎಂಟನೇ ತರಗತಿಯಲ್ಲಿ ಅವನ ಪ್ರಗತಿಪತ್ರದ ಮೇಲೆ ಆ ಸಹಿ ನೋಡಿ ತಂದೆಯನ್ನು ಶಾಲೆಗೆ ಕರೆಸಿದವನು ನಾನೇ. ಅವರು ಅದನ್ನು ನೋಡಿ, "ನನ್ನದಕ್ಕಿಂತ ಚೆನ್ನಾಗಿದೆ ಮೇಷ್ಟ್ರೇ" ಎಂದು ನಕ್ಕು, ಆಮೇಲೆ ಮಗನಿಗೆ ಬೈದು ಹೋಗಿದ್ದರು. ಅಂದು ಅದು ತುಂಟತನ. ಈಗ ಮಾಡಿದರೆ ಖೊಟ್ಟಿ ಸಹಿಯ ಅಪರಾಧ. ಸಹಿ ಬೀಳುವುದು ಮಗನ ಕೈಯಿಂದ, ಏಜೆಂಟರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಆ ಎರಡು ಫಾರಂಗಳು 29 ಮತ್ತು 30. ಬದುಕಿರುವವರು ವಾಹನ ಮಾರುವಾಗ ಬಳಸುವಂಥವು. ಮಾಲೀಕರು ತೀರಿಕೊಂಡಾಗ ಬೇಕಾದದ್ದು ಫಾರಂ 31. ಅದರಲ್ಲಿ ಸತ್ತವರ ಸಹಿಗೆ ಜಾಗವೇ ಇಲ್ಲ, ಅರ್ಜಿ ಹಾಕುವವರು ವಾರಸುದಾರರು. ನ್ಯಾಯವಾದ ದಾರಿ ಇಷ್ಟು ನೇರವಾಗಿರುವಾಗ ಜನ ಅಡ್ಡದಾರಿ ಹಿಡಿಯುವುದು ಯಾರೂ ಹೇಳಿಕೊಡದ ಕಾರಣಕ್ಕೆ ಎಂದು ನನ್ನ ಅಂದಾಜು.

ಇದಕ್ಕೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 56ನೇ ನಿಯಮವಿದೆ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ, ಮರಣದ ಸಂಗತಿಯನ್ನೂ ವಾಹನವನ್ನು ತಾವು ಬಳಸಲಿರುವುದನ್ನೂ ತಿಳಿಸಬೇಕು. ಹಾಗೆ ತಿಳಿಸಿದವರು ಮೂರು ತಿಂಗಳು ವಾಹನ ಓಡಿಸಬಹುದು. ಆ ಮೂರು ತಿಂಗಳೊಳಗೇ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಹದಿಮೂರನೆಯ ದಿನದ ಕಾರ್ಯ ಮುಗಿದು, ನೆಂಟರು ಊರಿಗೆ ಹೋಗಿ, ಮನೆಯವರು ಉಸಿರು ಬಿಡುವಷ್ಟರಲ್ಲಿ 30 ದಿನಗಳು ಕಳೆದುಹೋಗಿರುತ್ತವೆ. ನನ್ನ ಶಿಷ್ಯನ ಮನೆಯಲ್ಲೂ ಹಾಗೇ ಆಗಿತ್ತು. ತಡವಾದರೆ ದಂಡ ಕಟ್ಟಬೇಕಾದೀತು, ಆದರೆ ಬಾಗಿಲು ಮುಚ್ಚಿಹೋಗುವುದಿಲ್ಲ.

ನನಗೆ ದಿಗಿಲಾದದ್ದು ಬೇರೆ ಮಾತಿನಿಂದ. "ಅಮ್ಮನನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಇದೇ ಕಾರಿನಲ್ಲಿ ಕರೆದೊಯ್ಯುತ್ತೇನೆ. ಇನ್ಶೂರೆನ್ಸ್ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ ಸಾರ್" ಎಂದ. ಪಾಲಿಸಿಯನ್ನು ಅವನ ಕೈಯಿಂದಲೇ ಓದಿಸಿದೆ. ಸಣ್ಣಕ್ಷರದ ಷರತ್ತುಗಳಲ್ಲಿ ಒಂದು ಹೀಗೆ ಹೇಳುತ್ತದೆ: ಪಾಲಿಸಿದಾರ ತೀರಿಕೊಂಡರೆ ಪಾಲಿಸಿ ತಕ್ಷಣ ರದ್ದಾಗುವುದಿಲ್ಲ, ಮರಣದಿಂದ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಅಷ್ಟರೊಳಗೆ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹುಡುಗ ಬೆರಳು ಮಡಿಸಿ ಲೆಕ್ಕ ಹಾಕಿದ. ಮುಖ ಬಿಳಿಚಿಕೊಂಡಿತು. ಎರಡು ತಿಂಗಳಿಂದ ರಕ್ಷಣೆ ಇದೆಯೆಂದು ನಂಬಿ ಓಡಿಸುತ್ತಿದ್ದ! ಬಂದ ಕಾರನ್ನು ನಮ್ಮ ಮನೆಯ ಮುಂದೆಯೇ ನಿಲ್ಲಿಸಿ ಬಸ್ಸಿನಲ್ಲಿ ಹೋಗಲು ಹೇಳಿದೆ.

"ಹಾಗಾದರೆ ಇದ್ದಂತೆಯೇ ಪಕ್ಕದ ಬೀದಿಯವರಿಗೆ ಮಾರಿಬಿಡಲೇ?" ಎಂದೂ ಕೇಳಿದ. ಕೂಡದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಕಾರೊಂದು ಕೈಯಿಂದ ಕೈಗೆ ಮಾರಾಟವಾಗಿ, ಹೆಸರು ಮಾತ್ರ ಬದಲಾಗದೆ, ಕೊನೆಗೆ ಅಪಘಾತವಾದ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ದಾಖಲೆಯಲ್ಲಿ ಹೆಸರಿದ್ದವನನ್ನೇ ಪರಿಹಾರಕ್ಕೆ ಹೊಣೆ ಮಾಡಿತು. ಕಾರು ಅವನ ಕೈ ಬಿಟ್ಟು ಎಷ್ಟೋ ಕಾಲವಾಗಿತ್ತು.

ಇನ್ನು ಬೇಕಾದ ಕಾಗದಗಳು. ಮರಣ ಪ್ರಮಾಣಪತ್ರ, ಆರ್.ಸಿ., ಚಾಲ್ತಿಯಲ್ಲಿರುವ ವಿಮೆ, ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ, ಇತರ ವಾರಸುದಾರರ ಒಪ್ಪಿಗೆಯ ಅಫಿಡವಿಟ್. ಕಾರಿನ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆ; ತೀರಿದ್ದರೆ ಫಾರಂ 35. ಜೊತೆಗೆ ಚಾಸಿ ನಂಬರಿನ ಅಚ್ಚನ್ನೂ ಕೇಳುವುದುಂಟು. ನಾಣ್ಯದ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಮಕ್ಕಳು ಚಿತ್ರ ತೆಗೆಯುತ್ತಾರಲ್ಲ, ಅದೇ ವಿದ್ಯೆ. ಈಗ ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲೇ ತುಂಬಬಹುದು.

ಒಪ್ಪಿಗೆ ಎಂದಾಗ ಹುಡುಗ, "ನಾನು, ತಂಗಿ, ಅಮ್ಮ, ಮೂವರೇ" ಎಂದ. "ಅಜ್ಜಿ?" ಎಂದೆ. ಊರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಾರಂತೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆಯದೆ ತೀರಿಕೊಂಡವನ ಆಸ್ತಿಗೆ ಹೆಂಡತಿ ಮಕ್ಕಳಷ್ಟೇ ಸಮನಾಗಿ ಅವನ ತಾಯಿಯೂ ಹಕ್ಕುದಾರಳು. ಕಾರೂ ಆಸ್ತಿಯೇ ತಾನೇ? ಆ ಮುದುಕಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳಿದರೆ ಆಕೆ ಬೇಡವೆನ್ನುವವಳಲ್ಲ. ಕೇಳದೆ ವಂಶವೃಕ್ಷದಲ್ಲಿ ಬಿಟ್ಟರೆ ಮಾತ್ರ ಮುಂದೆ ತಕರಾರಿಗೆ ಅದೇ ಬೀಜ. ತಂಗಿ ಒಂಬತ್ತನೇ ತರಗತಿ, ಅಪ್ರಾಪ್ತೆ. ಅವಳ ಪರವಾಗಿ ತಾಯಿಯೇ ಸಹಿ ಹಾಕುವುದು. ವಾರಸುದಾರರಲ್ಲಿ ಜಗಳವಿದ್ದರೆ ಆರ್.ಟಿ.ಓ. ತೀರ್ಮಾನಿಸಲಾರರು, ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು.

ಪೋಷಕರಿಗೆ ಒಂದು ವಿಷಯ. 2021ರಲ್ಲಿ ನಿಯಮಕ್ಕೆ ತಿದ್ದುಪಡಿಯಾಗಿ, ವಾಹನಕ್ಕೂ ನಾಮಿನಿ ಸೂಚಿಸುವ ಅವಕಾಶ ಬಂದಿದೆ. ನೋಂದಣಿಯ ವೇಳೆಯಲ್ಲೂ ಆಮೇಲೂ ಸೇರಿಸಬಹುದು. ಆಗ ಮರಣ ಪ್ರಮಾಣಪತ್ರ ತೋರಿಸಿ ನಾಮಿನಿಯ ಹೆಸರಿಗೆ ಮಾಡಿಸುವುದು ಸುಲಭ. ಆ ರಾತ್ರಿ ನನ್ನ ಸ್ಕೂಟರಿನ ದಾಖಲೆ ತೆಗೆದು ನೋಡಿದೆ. ನಾಮಿನಿಯ ಜಾಗ ಖಾಲಿ! ನನ್ನಾಕೆಯ ಗುರುತಿನ ಚೀಟಿ ಕೇಳಿದಾಗ, "ಈಗ್ಯಾಕೆ ಬೇಕಿತ್ತು ಈ ಅಪಶಕುನ?" ಎಂದು ಬೈಸಿಕೊಂಡೆ. ಚೀಟಿಯನ್ನಂತೂ ಕೊಟ್ಟಳು.

ಹುಡುಗ ನಿನ್ನೆ ಫೋನ್ ಮಾಡಿದ್ದ. ಏಜೆಂಟರ ಫಾರಂಗಳನ್ನು ಹರಿದು ಹಾಕಿ, ಅಜ್ಜಿಯ ಊರಿಗೆ ಹೊರಟಿದ್ದಾನೆ. ಕಾರು ಇನ್ನೂ ನಮ್ಮ ಮನೆಯ ಮುಂದೆಯೇ ಇದೆ.