ಬಲ್ಮಠವೂ ಬಾವುಟಗುಡ್ಡವೂ

ಮಂಗಳೂರಿನ ಬಲ್ಮಠದ ದಿಬ್ಬದಿಂದ ಬಾವುಟಗುಡ್ಡಕ್ಕೆ ನಡೆದುಹೋಗಲು ಅರ್ಧ ತಾಸೂ ಬೇಕಾಗದು. ಆದರೂ 1834ರಲ್ಲಿ ಈ ಊರಿಗೆ ಬಂದ ಬಾಸೆಲ್ ಮಿಶನ್ನಿನ ಪ್ರಾಟೆಸ್ಟಂಟರು ಮೊದಲನೆಯದರ ಮೇಲೆಯೂ, 1878ರ ಕೊನೆಯ ದಿನ ಬಂದಿಳಿದ ಯೇಸುಸಭೆಯ ಕಥೋಲಿಕ ಗುರುಗಳು ಎರಡನೆಯದರ ಮೇಲೆಯೂ ನೆಲೆಯೂರಿ, ಒಬ್ಬನೇ ಕ್ರಿಸ್ತನ ನಾಮದಲ್ಲಿ ಶಾಲೆಗಳನ್ನು ಕಟ್ಟಿ, ರೋಗಿಗಳನ್ನು ಸಂತೈಸಿ, ಅನಾಥರನ್ನು ಸಲಹಿದರಾದರೂ, ಒಬ್ಬರ ಭಕ್ತಿಯ ಒಳಮನೆಯನ್ನು ಇನ್ನೊಬ್ಬರು ಹೊಕ್ಕು ನೋಡಿದ್ದು ಅತ್ಯಲ್ಪ.

ಯುರೋಪಿನಲ್ಲಿ ಈ ಎರಡು ಪಂಥಗಳನ್ನು ಅಗಲಿಸಿದ ತಾತ್ತ್ವಿಕ ಕಲಹದ ಬಗೆಗೆ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ಹೇಗೆಂಬ ಪ್ರಶ್ನೆಯ ಮೇಲೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ನರೂ ಕಥೋಲಿಕರೂ ಒಮ್ಮತದ ಘೋಷಣೆಗೆ ಸಹಿ ಹಾಕಿದರು. ಮುಂದೆ ಮೆಥಡಿಸ್ಟರೂ ಅದಕ್ಕೆ ಸಮ್ಮತಿಯಿತ್ತರು. ಪಂಡಿತರ ಈ ಸಾಧನೆ ವಂದ್ಯವಾದುದು. ಆದರೆ ಪತ್ರದ ಮೇಲೆ ಮೂಡಿದ ಸೌಹಾರ್ದವು ಸಾಮಾನ್ಯ ಭಕ್ತನ ಬಾಳಿಗೆ ಇಳಿಯಬೇಕಾದರೆ, ಎದುರುಮನೆಯವರು ಯಾವುದನ್ನು ಪ್ರಾಣದಂತೆ ಕಾಪಾಡಿಕೊಂಡು ಬಂದಿದ್ದಾರೆಂಬುದನ್ನು ಅವನು ಕಣ್ಣಾರೆ ಕಾಣಬೇಕು.

ಬಲ್ಮಠದವರು ಕಾಪಾಡಿಕೊಂಡು ಬಂದದ್ದು ಗ್ರಂಥವನ್ನು. ದೇವರ ವಾಕ್ಯವನ್ನು ಪ್ರತಿಯೊಬ್ಬನೂ, ಪ್ರತಿಯೊಬ್ಬಳೂ ತನ್ನ ತಾಯ್ನುಡಿಯಲ್ಲಿ ತಾನೇ ಓದಬೇಕೆಂಬ ಒಂದೇ ಶ್ರದ್ಧೆಯಿಂದ ಶಾಲೆ ಹುಟ್ಟಿತು, 1841ರಲ್ಲಿ ಮುದ್ರಣಾಲಯ ಹುಟ್ಟಿತು, 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹುಟ್ಟಿತು. ಕೇಳುವವರ ಭಾಷೆಯನ್ನು ಬೇರುಸಹಿತ ಅರಿಯದೆ ವಾಕ್ಯವನ್ನು ಸಾರಲಾಗದೆಂದು ನಂಬಿದ್ದರಿಂದಲೇ ಈ ಜನ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿದರು. 1853ರಲ್ಲಿ ಬಂದ ಕಿಟ್ಟೆಲರು ನಾಲ್ಕು ದಶಕಗಳ ತರುವಾಯ, 1894ರಲ್ಲಿ, ಸುಮಾರು 70,000 ಶಬ್ದಗಳ ನಿಘಂಟನ್ನು ಕನ್ನಡಿಗರ ಕೈಗಿತ್ತರು. ಕಥೋಲಿಕರ ಪೂಜೆಯಾದರೋ 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೂ ಲ್ಯಾಟಿನಿನಲ್ಲೇ ನಡೆಯಿತು. ಅವರಿಗೆ ದೇಶಭಾಷೆಯ ಕಾವ್ಯವೇ ಇರಲಿಲ್ಲವೆಂದಲ್ಲ. 1616ರಷ್ಟು ಹಿಂದೆಯೇ ಗೋವೆಯಲ್ಲಿ ಅಚ್ಚಾದ ಸ್ಟೀಫನ್ಸರ ‘ಕ್ರಿಸ್ತಪುರಾಣ’ವನ್ನು ಕರಾವಳಿಯ ಮನೆಗಳಲ್ಲಿ ಹಾಡುತ್ತಿದ್ದರು, 1907ರಲ್ಲಿ ಅದು ಮಂಗಳೂರಿನಲ್ಲಿಯೇ ಪುನರ್ಮುದ್ರಣವಾಯಿತು. ಆದರೆ ಮೂಲಗ್ರಂಥವನ್ನು ಬಿಡಿಸಿ, ಸಂದೇಹಿಸಿ, ಪ್ರಶ್ನಿಸಿ, ತನ್ನ ಬಾಳಿಗೆ ತಾನೇ ಅನ್ವಯಿಸಿಕೊಳ್ಳುವ ಧೈರ್ಯವನ್ನು ಕಥೋಲಿಕ ಗೃಹಸ್ಥನು ಇಂದಿಗೂ ಬಹುಮಟ್ಟಿಗೆ ಗುರುಗಳ ಪಾಲಿಗೆ ಬಿಟ್ಟಿದ್ದಾನೆಂದು ನನ್ನ ಎಣಿಕೆ. ಇನ್ನೂ ಕಠಿನವಾದ ಪಾಠವೊಂದುಂಟು. ದೀಕ್ಷಾಸ್ನಾನ ಪಡೆದವನು ಜಾತಿಯನ್ನು ತೊರೆಯಲೇಬೇಕೆಂದು ಬಾಸೆಲಿನವರು ಪಟ್ಟುಹಿಡಿದರು. ಗೋವೆಯಿಂದ ಬಂದ ಕಥೋಲಿಕ ಸಮಾಜವಾದರೋ ಬಾಮಣ, ಚಾರಡಿ ಎಂಬ ಭೇದಗಳನ್ನು ತನ್ನೊಡನೆ ತಂದು ಮದುವೆಯ ಮಾತುಕತೆಗಳಲ್ಲಿ ಬಹುಕಾಲ ಉಳಿಸಿಕೊಂಡಿತು.

ಕಥೋಲಿಕರು ಕಾಪಾಡಿಕೊಂಡು ಬಂದದ್ದನ್ನು ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಬೆಳಿಗ್ಗೆ ಯಾವುದೇ ಇಗರ್ಜಿಯ ಅಂಗಳದಲ್ಲಿ ಕಾಣಬಹುದು. ಒಂಬತ್ತು ದಿನ ಬಾಲಮರಿಯಳ ಮೂರ್ತಿಗೆ ಹೂವೆರಚಿದ ಮಕ್ಕಳು ಬುಟ್ಟಿ ಹಿಡಿದು ಸಾಲಾಗಿ ಬರುತ್ತಾರೆ. ಗುರುಗಳು ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಮನೆಗೆ ಹೋಗುತ್ತದೆ. ಅದರ ಕಾಳನ್ನು ಸುಲಿದು ಹಾಲಿನಲ್ಲಿ ಬೆರೆಸಿ ಹಿರಿಯರು ಮೊದಲಾಗಿ ಎಲ್ಲರೂ ಸವಿಯುತ್ತಾರೆ. ಅಂದು ಮೀನು ಮಾಂಸ ಒಲೆಯ ಬಳಿ ಸುಳಿಯದು. ಮಣ್ಣು, ಮಳೆ, ತಾಯಿ, ಅನ್ನ ಎಲ್ಲವೂ ಇಲ್ಲಿ ಪ್ರಾರ್ಥನೆಯೊಳಗೆ ಸೇರಿವೆ. ಜಾತಿಯೊಡನೆ ಜೀವನೋಪಾಯವನ್ನೂ ಕಳೆದುಕೊಂಡ ಮತಾಂತರಿತರಿಗೆ ಬಾಸೆಲಿನವರು ಮಗ್ಗವನ್ನೂ, 1865ರಿಂದ ಹಂಚಿನ ಕಾರ್ಖಾನೆಯನ್ನೂ ಕೊಟ್ಟು ಉಪಕರಿಸಿದರು ನಿಜ. ಆದರೆ ನೆಲದ ಹಬ್ಬಗಳನ್ನು ಅನ್ಯದೈವದ ಸಂಪರ್ಕವೆಂದು ಶಂಕಿಸಿ ತೆಗೆದುಹಾಕಿದಾಗ, ಆ ಬಡಜನರ ಕಣ್ಣಿಗೂ ಕೈಗೂ ಭಕ್ತಿಯಲ್ಲಿದ್ದ ಪಾಲು ಕುಗ್ಗಿತು. ಉಪದೇಶವನ್ನು ಗ್ರಹಿಸಲಾರದ ಶಿಶುವಿಗೂ, ಅಕ್ಷರ ಮಸುಕಾದ ವೃದ್ಧೆಗೂ, ದುಃಖದಿಂದ ಮಾತು ಕಟ್ಟಿಹೋದವನಿಗೂ ದೇವರ ಸನ್ನಿಧಿಯಲ್ಲಿ ಮಾಡಲು ಏನಾದರೊಂದು ಇರಬೇಡವೇ? ಬಾವುಟಗುಡ್ಡದ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದಲ್ಲಿ ಮೊಸ್ಕೇನಿ ಎಂಬ ಇಟಲಿಯ ಸಹೋದರನು 1899ರಿಂದ ಎರಡು ವರ್ಷಗಳ ಕಾಲ ಬರೆದ ಚಿತ್ರಗಳ ಕೆಳಗೆ ನಿಂತವನಿಗೆ ಇದರ ಉತ್ತರ ಹೊಳೆಯುತ್ತದೆ. ಅರಸುಮನೆತನದ ಹಕ್ಕನ್ನು ತೊರೆದು, ರೋಮಿನ ಪ್ಲೇಗ್ ರೋಗಿಗಳನ್ನು ಉಪಚರಿಸಿ, 1591ರಲ್ಲಿ ಇಪ್ಪತ್ತಮೂರರ ವಯಸ್ಸಿಗೇ ತೀರಿಕೊಂಡ ಆ ಸಂತನ ಬಾಳು ಛಾವಣಿಯುದ್ದಕ್ಕೂ ಹರಡಿಕೊಂಡಿದೆ. ಓದು ಬಾರದವನೂ ತಲೆಯೆತ್ತಿ ಅದನ್ನು ತಿಳಿಯಬಲ್ಲನು.

ಪ್ರಭುಭೋಜನದ ವಿಷಯದಲ್ಲಿ ಮಾತ್ರ ಭೇದ ಇನ್ನೂ ಬಿಟ್ಟಿಲ್ಲ. ಎರಡು ಪಂಥಗಳ ಗಂಡಹೆಂಡಿರು ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಹಾಡು ಹಾಡಿ, ರೊಟ್ಟಿಯನ್ನು ಕೊಡುವ ಹೊತ್ತಿಗೆ ಒಬ್ಬರು ಎದ್ದು ಮುಂದೆ ಹೋಗುವಾಗ ಇನ್ನೊಬ್ಬರು ಕುಳಿತೇ ಇರಬೇಕಾದ ಸ್ಥಿತಿ ನನ್ನನ್ನು ನೋಯಿಸುತ್ತದೆ. ಅದರ ಪರಿಹಾರ ಮಂಗಳೂರಿನ ಕೈಯಲ್ಲಿಲ್ಲವೆಂಬುದೂ ಸತ್ಯ. ಕೈಯಲ್ಲಿರುವುದು ಬೇರೆ. ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ನಡೆಯುವ ಪ್ರಾರ್ಥನಾ ಸಪ್ತಾಹವು ವೇದಿಕೆಯ ಸೌಜನ್ಯದ ಮಾತುಗಳಲ್ಲಿ ಮುಗಿದುಹೋಗದಿರಲಿ. ಜೆಪ್ಪುವಿನ ಸೆಮಿನರಿಯಲ್ಲಿ ಗುರುದೀಕ್ಷೆಗೆ ಸಿದ್ಧರಾಗುತ್ತಿರುವ ಯುವಕರು ವರ್ಷದಲ್ಲೊಂದು ತಿಂಗಳು ಬಲ್ಮಠದ ದೈವಶಾಸ್ತ್ರ ಕಾಲೇಜಿನಲ್ಲಿ ಕನ್ನಡ ಸತ್ಯವೇದವನ್ನು ಸಾಲುಸಾಲಾಗಿ ಅಭ್ಯಸಿಸಲಿ. ಅಲ್ಲಿನ ಭಾವೀ ಸಭಾಪಾಲಕರು ಮೊಂತಿ ಹಬ್ಬದ ಒಂಬತ್ತು ದಿನಗಳನ್ನು ಯಾವುದಾದರೊಂದು ಹಳ್ಳಿಯ ಕಥೋಲಿಕ ಮನೆಯಲ್ಲಿ ಕಳೆಯಲಿ. ಇದಕ್ಕೆ ರೋಮಿನ ಅಪ್ಪಣೆಯೂ ಬೇಡ, ಜಿನೀವಾದ ನಿರ್ಣಯವೂ ಬೇಡ. ಎರಡು ಸಂಸ್ಥೆಗಳ ಮುಖ್ಯಸ್ಥರು ಒಪ್ಪಿದರೆ ಬರುವ ವರ್ಷವೇ ಆರಂಭಿಸಬಹುದು.